ಬಂದಿಳಿದ ಮೇಲಿನ ದಿನಗಳು



ಈ ದತ್ತಿ ಉಪನ್ಯಾಸದಲ್ಲಿ ಸೇವೆಯ ಬಗ್ಗೆ ಮಾತಾಡಬೇಕು ಎಂದು ಸಂಘಟಕರು ಕೇಳಿದಾಗ ನಾನು ಒಂದು ಬೇಡಿಕೆ ಇಟ್ಟೆ. ಸೇವೆಯ ಹಿರಿಮೆಯನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಈ ವಿಜಯಪುರದಲ್ಲಿ ಬಹಳ ಮಂದಿ ಇದ್ದಾರೆ. ಸೇವೆಗೆಂದು ಹೊರಟ ಮನುಷ್ಯ ಗುರುತು ಪರಿಚಯ ಇಲ್ಲದ ಪರದೇಶದ ಊರಲ್ಲಿ ಇಳಿಯುತ್ತಾನಲ್ಲ, ಇಳಿದ ಆ ಗಳಿಗೆಯಿಂದ ಕೆಲಸ ಕೈಗೆ ಹತ್ತುವ ತನಕ ಕೆಲವು ದಿನ, ಕೆಲವು ಸಲ ತಿಂಗಳುಗಳೇ ಕಳೆಯುತ್ತವೆ. ಆ ದಿನಗಳ ಬಗ್ಗೆ ಮಾತಾಡುತ್ತೇನೆ ಎಂದೆ. ಅವರು ಒಪ್ಪಿದರು. ಆ ದಿನಗಳನ್ನು ಯಾರೂ ಬರೆದಿಡುವುದಿಲ್ಲ. ವರದಿಗಳಲ್ಲಿ ಹೊರಟ ದಿನ ಇರುತ್ತದೆ, ಮಾಡಿದ ಕೆಲಸದ ಲೆಕ್ಕ ಇರುತ್ತದೆ, ನಡುವಿನದು ಬಿಟ್ಟುಹೋಗಿರುತ್ತದೆ. ನನ್ನ ಮಟ್ಟಿಗೆ ಸೇವೆ ಮಾಡಲು ಬಂದವರು ಏನಾಗುತ್ತಾರೆ ಎನ್ನುವುದು ತೀರ್ಮಾನವಾಗುವುದೇ ಆ ನಡುವಿನ ದಿನಗಳಲ್ಲಿ.

ಇಲ್ಲಿಂದ ಸೊಲ್ಲಾಪುರ ನೂರು ಕಿಲೋಮೀಟರಿನ ಹಾದಿ. ನಮ್ಮ ಕಡೆಯವರಿಗೆ ದೊಡ್ಡ ಬೇನೆ ಬಂದರೆ ಸೊಲ್ಲಾಪುರದ ದವಾಖಾನೆಗೆ ಹೋಗುವುದು ಹಿಂದಿನಿಂದ ನಡೆದುಬಂದ ರೂಢಿ. ಅದು ಶರಣ ಸಿದ್ಧರಾಮನ ಸೊನ್ನಲಿಗೆ. ಹನ್ನೆರಡನೆಯ ಶತಮಾನದಲ್ಲಿ ಆತ ಕಟ್ಟಿಸಿದ ಕೆರೆ ಇವತ್ತಿಗೂ ಇದೆ, ನೀರಿನ ನಡುವೆ ಗುಡಿ ಇದೆ. ಅದೇ ಊರಲ್ಲಿ 1910ರ ಅಕ್ಟೋಬರ್ 10ರಂದು ದ್ವಾರಕಾನಾಥ ಕೋಟ್ನೀಸ್ ಹುಟ್ಟಿದರು. ಮರಾಠಿ ಮನೆತನ. ಮುಂಬಯಿಯ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನಲ್ಲಿ ಓದಿ ಡಾಕ್ಟರಾದರು. ನನ್ನ ಅಜ್ಜ ಅವರ ಕತೆಯನ್ನು ಶಾಂತಾರಾಮರ 1946ರ ಸಿನಿಮಾ ನೋಡಿ ತಿಳಿದುಕೊಂಡಿದ್ದರು, ನಮಗೂ ಹೇಳುತ್ತಿದ್ದರು. ಅಜ್ಜನ ಬಾಯಲ್ಲಿ ಕೋಟ್ನೀಸ್ ಚೀನಾದ ಹಡಗು ಹತ್ತಿದವರೇ ಮರುಕ್ಷಣ ಯುದ್ಧದ ಗಾಯಾಳುಗಳ ನಡುವೆ ಇರುತ್ತಿದ್ದರು. ನಾನು ದೊಡ್ಡವಳಾಗಿ ತಾರೀಖುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದಾಗ ಬೇರೆಯೇ ಒಂದು ಕತೆ ಕಂಡಿತು.

1937ರ ಜುಲೈನಲ್ಲಿ ಜಪಾನ್ ಚೀನಾದ ಮೇಲೆ ಪೂರ್ಣ ಯುದ್ಧಕ್ಕೆ ಇಳಿಯಿತು. ಚೀನಾದ ಸೇನಾನಿ ಝು ದೆ ನೆಹರೂ ಅವರಿಗೆ ಪತ್ರ ಬರೆದು ವೈದ್ಯರ ನೆರವು ಕೇಳಿದರು. ಮರುವರ್ಷ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷ್‌ಚಂದ್ರ ಬೋಸ್ ದೇಶಕ್ಕೆ ಕರೆ ಕೊಟ್ಟರು, ಜನ 22,000 ರೂಪಾಯಿ ಕೂಡಿಸಿಕೊಟ್ಟರು. ನಾವೇ ಪರಾಧೀನರಾಗಿದ್ದ ಕಾಲ. ಬೇರೆಯವರ ಗಾಯಕ್ಕೆ ಪಟ್ಟಿ ಕಟ್ಟಲೆಂದು ಹಣ ಎತ್ತಿದ ಆ ಜನರನ್ನು ನೆನೆದಾಗ ನನಗೆ ಈಗಲೂ ಎದೆ ತುಂಬುತ್ತದೆ. ಐವರು ವೈದ್ಯರು ಆಯ್ಕೆಯಾದರು: ಸ್ಪೇನ್ ಯುದ್ಧದಲ್ಲಿ ಕೆಲಸ ಮಾಡಿ ಬಂದಿದ್ದ ಅಟಲ್ ತಂಡದ ನಾಯಕರು, ನಾಗಪುರದ ಚೋಳ್ಕರ್ ವಯಸ್ಸಿನಲ್ಲಿ ಹಿರಿಯರು, ಕಲ್ಕತ್ತೆಯಿಂದ ಬಸು ಮತ್ತು ಮುಖರ್ಜಿ, ಸೊಲ್ಲಾಪುರದ ಕೋಟ್ನೀಸ್. ಸೆಪ್ಟೆಂಬರ್ 1ರಂದು ಮುಂಬಯಿ ಬಿಟ್ಟು 17ರಂದು ಕ್ಯಾಂಟನ್ ತಲುಪಿದರು. ಚೀನೀ ನಾಯಕ ಸುನ್ ಯಾತ್‌ಸೆನ್ ಅವರ ಪತ್ನಿ ಸೂಂಗ್ ಚಿಂಗ್‌ಲಿಂಗ್ ಈ ಐವರನ್ನು ಎದುರುಗೊಂಡರು. ಕೋಟ್ನೀಸರಿಗೆ ಆಗ 27 ವರ್ಷ.

ಮುಂದೇನಾಯಿತು? ಅವರು ಇಳಿದ ಊರು ಐದು ವಾರ ತುಂಬುವ ಮೊದಲೇ ಜಪಾನೀಯರ ಕೈಸೇರಿತು. ಅಷ್ಟರಲ್ಲಿ ಅವರು ಹಾಂಕೌಗೆ ಹೋಗಿದ್ದರು. ಅಕ್ಟೋಬರ್ ಮುಗಿಯುವುದರೊಳಗೆ ಹಾಂಕೌ ಕೂಡ ಬಿತ್ತು. ಅಲ್ಲಿಂದ ಯಾಂಗ್‌ತ್ಸೆ ನದಿಯ ಮೇಲ್ದಂಡೆಯ ಯಿಚಾಂಗ್, ಅಲ್ಲಿಂದ ಚೊಂಗ್‌ಚಿಂಗ್. ಹೋದಲ್ಲೆಲ್ಲ ಆಸ್ಪತ್ರೆಗಳಲ್ಲಿ ಕೈಗೆ ಸಿಕ್ಕ ಕೆಲಸ ಮಾಡಿದರು. ಒಂದು ವಾರ್ಡಿನ ಪರಿಚಯ ಆಗುವಷ್ಟರಲ್ಲಿ ಗಂಟುಮೂಟೆ ಕಟ್ಟಬೇಕಾಗುತ್ತಿತ್ತು. ಅವರು ಸೇರಬೇಕೆಂದಿದ್ದ ಜಾಗ ಉತ್ತರದ ಯೆನಾನ್. ಅದನ್ನು ತಲುಪಿದ್ದು 1939ರ ಫೆಬ್ರವರಿಯಲ್ಲಿ. ಕ್ಯಾಂಟನ್ನಿನ ದಡದಿಂದ ಯೆನಾನ್‌ವರೆಗೆ ಐದು ತಿಂಗಳು! ಅಜ್ಜನ ಕತೆಯಲ್ಲಿ ಈ ಐದು ತಿಂಗಳು ಇರಲೇ ಇಲ್ಲ.

ನನ್ನ ಉಪನ್ಯಾಸ ಇರುವುದು ಆ ಐದು ತಿಂಗಳ ಮೇಲೆ. ಅದರಲ್ಲೂ ಚೊಂಗ್‌ಚಿಂಗಿನಲ್ಲಿ ನಡೆದ ಎರಡು ಸಂಗತಿಗಳ ಮೇಲೆ.

ಮೊದಲನೆಯದು ಹೆಸರು. ಶಾಂತಿನಿಕೇತನದ ಚೀನಾ ಭವನ ಕಟ್ಟಿದ ವಿದ್ವಾಂಸ ತಾನ್ ಯುನ್‌ಷಾನ್ ಆಗ ಚೊಂಗ್‌ಚಿಂಗಿನಲ್ಲಿದ್ದರು. ಐವರಿಗೂ ಚೀನೀ ಹೆಸರು ಇಟ್ಟರು. ಪ್ರತಿಯೊಂದು ಹೆಸರಿನ ಕೊನೆಗೂ 'ಹುವಾ' ಎಂಬ ಅಕ್ಷರ. ಹುವಾ ಎಂದರೆ ಚೀನಾ. ಕೋಟ್ನೀಸ್ ಕೆ ದಿಹುವಾ ಆದರು. ಇದನ್ನು ಒಂದು ಸೌಜನ್ಯ ಎಂದು ನಾನು ಬಹಳ ಕಾಲ ಎಣಿಸಿದ್ದೆ. ಈಗ ಹಾಗೆ ಅನಿಸುವುದಿಲ್ಲ. ನೋವಿನಲ್ಲಿ ಮಲಗಿರುವ ಒಬ್ಬ ರೈತ ಸಿಪಾಯಿ ತನ್ನ ಡಾಕ್ಟರನ್ನು ಕೂಗಿ ಕರೆಯಬೇಕಾದರೆ ಆ ಹೆಸರು ಅವನ ನಾಲಿಗೆಗೆ ಒಗ್ಗಬೇಕು. ಬಂದವನ ಹೆಸರನ್ನು ಊರಿನವರ ಬಾಯಿಗೆ ತಕ್ಕಂತೆ ತಿದ್ದುವುದು ಎಂದರೆ, ನೀನು ಇನ್ನು ಮುಂದೆ ನಾವು ಕರೆದಾಗ ಬರಬೇಕಾದವನು ಎಂದು ಹೇಳಿದ ಹಾಗೆ.

ಎರಡನೆಯದು ಸಾವಿನ ಸುದ್ದಿ. ಸೊಲ್ಲಾಪುರದಲ್ಲಿ ತಂದೆ ತೀರಿಕೊಂಡ ಸಮಾಚಾರ ಕೋಟ್ನೀಸರಿಗೆ ಮುಟ್ಟಿತು. ಮಗನನ್ನು ಹರಸಿ ಕಳಿಸಿದ್ದ ತಂದೆ. ಅವರಿನ್ನೂ ಯೆನಾನ್ ಕಂಡಿರಲಿಲ್ಲ, ತಾವು ಬಂದ ಕೆಲಸದ ಹೊಸ್ತಿಲನ್ನೇ ದಾಟಿರಲಿಲ್ಲ. ಮನೆಗೆ ತಿರುಗಿ ಹೋಗಿದ್ದರೆ ಒಬ್ಬರೂ ಆಡಿಕೊಳ್ಳುತ್ತಿರಲಿಲ್ಲ. ಅವರು ಉತ್ತರದ ದಾರಿ ಹಿಡಿದರು. ಕೆಲಸ ಹತ್ತಿದ ಮೇಲೆ ನಿಲ್ಲುವುದು ಒಂದು ರೀತಿಯಲ್ಲಿ ಸುಲಭ, ಕೆಲಸವೇ ಹಿಡಿದು ನಿಲ್ಲಿಸುತ್ತದೆ. ಕೈ ಬರಿದಾಗಿರುವಾಗ, ಇಲ್ಲಿ ನನ್ನಿಂದ ಏನು ಆಗಿದೆ ಎಂದು ರಾತ್ರಿ ನಿದ್ದೆ ಬಾರದಿರುವಾಗ, ಊರಿನಿಂದ ಅಂಥ ಕಾಗದ ಬಂದರೂ ನಿಂತ ಆ 28ರ ಹುಡುಗನ ಮನಸ್ಸು ಎಂಥದಿರಬೇಕು!

ಇಷ್ಟು ಹೇಳಿ ನನ್ನ ಅನುಭವಕ್ಕೆ ಬರುತ್ತೇನೆ. ಕೋಟ್ನೀಸರ ಪಕ್ಕದಲ್ಲಿ ಇಡುವಂಥದ್ದಲ್ಲ ಅದು. ನಾನೇ ಅಂಥ ದಿನಗಳನ್ನು ಕಳೆಯದೆ ಇದ್ದಿದ್ದರೆ ಅವರ ಐದು ತಿಂಗಳು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ, ಅದಕ್ಕಾಗಿ ಹೇಳುತ್ತೇನೆ.

2015ರ ಏಪ್ರಿಲ್ 25, ಶನಿವಾರ, ನೇಪಾಳದ ಗಡಿಯಾರದಲ್ಲಿ 11 ಗಂಟೆ 56 ನಿಮಿಷ. 7.8 ಪ್ರಮಾಣದ ಭೂಕಂಪ. ಮೇ 12ರಂದು ಮತ್ತೊಂದು, 7.3ರದ್ದು. ಸುಮಾರು 9,000 ಜನ ತೀರಿಕೊಂಡರು, 22,000ಕ್ಕೂ ಹೆಚ್ಚು ಜನ ಗಾಯಗೊಂಡರು. ಅಲ್ಲಿ ವಾರದ ರಜೆ ಶನಿವಾರ. ಶಾಲೆಗಳು ಮುಚ್ಚಿದ್ದವು, ಆ ಒಂದು ಕಾರಣಕ್ಕೆ ಎಷ್ಟೋ ಮಕ್ಕಳು ಉಳಿದವು. ನಾನು ಫಿಸಿಯೋಥೆರಪಿಸ್ಟ್, ಆಗ ಹುಬ್ಬಳ್ಳಿಯಲ್ಲಿ 18 ವರ್ಷ ಕೆಲಸ ಮಾಡಿದ್ದೆ. ಭೂಕಂಪದ ಮೊದಲ ವಾರ ಬೇಕಾಗುವವರು ಅವಶೇಷ ಸರಿಸುವವರು, ಶಸ್ತ್ರಚಿಕಿತ್ಸೆ ಮಾಡುವವರು. ನಮ್ಮ ಸರದಿ ಆಮೇಲೆ ಬರುತ್ತದೆ, ಮುರಿದ ಕಾಲುಗಳು ಕೂಡಿಕೊಂಡು ಮತ್ತೆ ನೆಲ ಮುಟ್ಟುವ ಹೊತ್ತಿಗೆ. ಹಾಗಾಗಿ ನಾನು ಹೋದದ್ದು ಜೂನ್ 20ರಂದು, ಮಳೆ ಹಿಡಿದ ಮೇಲೆ.

ಕಠ್ಮಂಡುವಿನ ತ್ರಿಭುವನ್ ವಿಮಾನ ನಿಲ್ದಾಣಕ್ಕೆ ಇರುವುದು ಒಂದೇ ಓಡುದಾರಿ. ಏಪ್ರಿಲ್ ಕೊನೆಗೆ ಜಗತ್ತಿನ ನಾನಾ ಕಡೆಯ ನೆರವು ಅದರ ಮೇಲೆ ಇಳಿಯಲು ಸಾಲುಗಟ್ಟಿತು. ಮೇ ಮೊದಲ ವಾರದಲ್ಲಿ ಆ ಓಡುದಾರಿಯೇ ಜಖಂಗೊಂಡು ದೊಡ್ಡ ವಿಮಾನಗಳನ್ನು ನಿಲ್ಲಿಸಬೇಕಾಯಿತು. ಸಹಾಯಕ್ಕೂ ಒಂದು ಭಾರ ಇರುತ್ತದೆ, ಅದನ್ನು ಇಳಿಸಿಕೊಳ್ಳುವ ನೆಲ ತಾಳಬೇಕು. ಈ ಮಾತನ್ನು ನಾನು ಮನುಷ್ಯರಿಗೂ ಹಚ್ಚಿ ಹೇಳುತ್ತಿದ್ದೇನೆ.

ನಾನು ಇಳಿದದ್ದೂ ಶನಿವಾರ. ಎಲ್ಲ ಮುಚ್ಚಿತ್ತು. ಕೈಗಡಿಯಾರವನ್ನು ಹದಿನೈದು ನಿಮಿಷ ಮುಂದೆ ತಿರುಗಿಸಿದೆ. ನಮಗೂ ಅವರಿಗೂ ಅಷ್ಟೇ ಅಂತರ, ಕಾಲು ಗಂಟೆ. ಬೀದಿಯಲ್ಲಿ ಊರುಗೋಲು ಕೊಟ್ಟು ನಿಲ್ಲಿಸಿದ ಮನೆಗಳು, ಬಯಲು ಸಿಕ್ಕಲ್ಲೆಲ್ಲ ನೀಲಿ, ಕಿತ್ತಳೆ ಬಣ್ಣದ ತಾಡಪತ್ರಿಯ ಗುಡಾರಗಳು. ಬಾಡಿಗೆ ಕೋಣೆಯ ಯಜಮಾನಿ ನನ್ನ ಊರು ಕೇಳಿದಳು. ಕರ್ನಾಟಕ ಎಂದ ಕೂಡಲೆ ಪಶುಪತಿನಾಥನ ದಿಕ್ಕಿಗೆ ಕೈಮುಗಿದಳು. ಅಲ್ಲಿ ಮೂಲಲಿಂಗವನ್ನು ಮುಟ್ಟಿ ಪೂಜಿಸುವ ಭಟ್ಟರು ನಮ್ಮ ಕರಾವಳಿಯ ಕಡೆಯವರು. ತಲೆತಲಾಂತರದಿಂದ ನಡೆದುಬಂದದ್ದು ಅದು. ಆ ಭಟ್ಟರ ಪುಣ್ಯದಿಂದ ನನಗೆ ಅವತ್ತು ರಾತ್ರಿ ಊಟ ಸಿಕ್ಕಿತು.

ಭಾನುವಾರ ಬೆಳಿಗ್ಗೆ ಪುನಶ್ಚೇತನ ಕೇಂದ್ರಕ್ಕೆ ಹೋದೆ. ಅಲ್ಲಿನ ಹಿರಿಯ ಫಿಸಿಯೋಥೆರಪಿಸ್ಟ್ ನೇಪಾಳಿ ಹೆಣ್ಣುಮಗಳು, ನನಗಿಂತ ಹತ್ತು ವರ್ಷ ಚಿಕ್ಕವಳು. ನನ್ನ ಕಾಗದಪತ್ರ ನೋಡಿ, "ದೀದಿ, ಮೂರು ದಿನ ಸುಮ್ಮನೆ ಕುಳಿತು ನೋಡಿ" ಎಂದಳು. ನನಗೆ ಬೇಸರವಾಯಿತು. ರೋಗಿಗಳು ಸಾಲಾಗಿ ಮಲಗಿದ್ದಾರೆ, ನನ್ನ ಕೈಗಳು ಖಾಲಿ ಇವೆ, ನೋಡುವುದೇನಿದೆ ಎಂದುಕೊಂಡೆ. ರಿಜಿಸ್ಟರ್ ಬರೆಯಲು ಕೊಟ್ಟಳು. ತಾರೀಖಿನ ಅಂಕಣದಲ್ಲೇ ತಡವರಿಸಿದೆ. ಅವರ ಬಿಕ್ರಮ್ ಸಂವತ್‌ನಲ್ಲಿ ಅದು 2072ನೆಯ ಇಸವಿ, ಅಸಾರ್ 6. ರೋಗಿಗೆ ಶಸ್ತ್ರಚಿಕಿತ್ಸೆಯಾಗಿ ಎಷ್ಟು ವಾರ ಆಯಿತು ಎಂಬ ಸಣ್ಣ ಲೆಕ್ಕಕ್ಕೂ ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು ಬೆರಳು ಎಣಿಸುತ್ತಿದ್ದೆ. ವಾರ ತಪ್ಪಿದರೆ ನಮ್ಮ ವೃತ್ತಿಯಲ್ಲಿ ಎಲುಬಿನ ಮೇಲೆ ಹಾಕಬೇಕಾದ ಭಾರ ತಪ್ಪುತ್ತದೆ.

ಹಿಂದಿ ಬರುತ್ತದೆ, ಮಾತಿಗೆ ತೊಂದರೆಯಿಲ್ಲ ಎಂಬ ಧೈರ್ಯ ಇತ್ತು. ಪೇಟೆಯಲ್ಲಿ ಆ ಹಿಂದಿ ಸಾಕಿತ್ತು. ವಾರ್ಡಿನಲ್ಲಿ ಇದ್ದವರು ಹೆಚ್ಚಿನವರು ಸಿಂಧುಪಾಲ್ಚೋಕ್‌ನ ಗುಡ್ಡಗಾಡಿನವರು, ಅವರಲ್ಲಿ ತಮಾಂಗರು ಬಹಳ. ಅವರ ಮನೆಮಾತು ತಮಾಂಗ್, ನೇಪಾಳಿ ಎರಡನೆಯದು. ಹಿಂದಿಯಲ್ಲಿ ಕೇಳಿದರೆ ಎಲ್ಲದಕ್ಕೂ ತಲೆಯಾಡಿಸುತ್ತಿದ್ದರು. ನೋವು ಇದೆಯೇ ಎಂದರೂ ತಲೆಯಾಡಿಸುವರು, ಇಲ್ಲವೇ ಎಂದರೂ ತಲೆಯಾಡಿಸುವರು. ಚುಚ್ಚುವ ನೋವು, ಸೆಳೆಯುವ ನೋವು, ಜೋಮು ಹಿಡಿದದ್ದು, ಉರಿ, ಇವನ್ನು ನಾವು ಕನ್ನಡದಲ್ಲಿ ಎಷ್ಟು ಬಗೆಯಾಗಿ ಹೇಳುತ್ತೇವೆ! ನನ್ನ ಅವ್ವ ಮೊಣಕಾಲಿಗೆ "ಚಳುಕು" ಎನ್ನುತ್ತಾಳೆ, ಆ ಮಾತಿಗೆ ಇಂಗ್ಲಿಷ್ ಪಠ್ಯದಲ್ಲಿ ಸಮನಾದದ್ದು ನನಗೆ ಸಿಕ್ಕಿಲ್ಲ. ಆ ಮೂರು ದಿನ ಸುಮ್ಮನೆ ಕುಳಿತಾಗ ನನಗೆ ತಿಳಿದದ್ದು ಇದು: ಅವರು ನರಳುತ್ತಿದ್ದದ್ದು ನನಗೆ ಬಾರದ ಭಾಷೆಯಲ್ಲಿ. ಒಬ್ಬ ತಮಾಂಗ್ ನರ್ಸ್ ಹುಡುಗಿಯನ್ನು ಗೋಗರೆದು ದಿನಕ್ಕೆ ಐದು ಮಾತು ಕಲಿಯತೊಡಗಿದೆ, ಎಲ್ಲವೂ ನೋವಿನ ಮಾತುಗಳೇ.

ಬಂದು ಹತ್ತು ದಿನಕ್ಕೆ ಅಸಾರ್ 15. ಅವರಿಗೆ ಅದು ಗದ್ದೆ ನಾಟಿಯ ಹಬ್ಬ. ಮೊಸರಿನಲ್ಲಿ ಚಿಉರಾ ಕಲಸಿ ಎಲ್ಲರಿಗೂ ಕೊಟ್ಟರು. ಚಿಉರಾ ಎಂದರೆ ನಮ್ಮ ಅವಲಕ್ಕಿ. ಆ ಮೊಸರವಲಕ್ಕಿಯನ್ನು ವಾರ್ಡಿನ ನೆಲದ ಮೇಲೆ ಕುಳಿತು ತಿಂದ ದಿನದಿಂದ ನನ್ನನ್ನು ಕರೆಯುವ ದನಿ ಬೇರೆಯಾಯಿತು.

ಅರವತ್ತು ದಾಟಿದ ಒಬ್ಬ ತಾಯಿ ಇದ್ದಳು. ಎಲ್ಲರೂ ಅವಳನ್ನು ಆಮಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಬಲಗಾಲಿನ ಮುಂಗಾಲೆಲುಬು ಮುರಿದು ಪ್ಲೇಟ್ ಹಾಕಿದ್ದರು. ನನ್ನ ಕೈಗೆ ಬಂದ ಮೊದಲ ರೋಗಿ. ಹುಬ್ಬಳ್ಳಿಯ ಕ್ರಮದಲ್ಲೇ ಶುರುಮಾಡಿದೆ. ವಾಕರ್ ಹಿಡಿಸಿ ಸಪಾಟು ಪಡಸಾಲೆಯಲ್ಲಿ ನಡೆಸಿದೆ, ಹೆಜ್ಜೆ ಎಣಿಸಿದೆ, ಮೊಣಕಾಲು ಎಷ್ಟು ಡಿಗ್ರಿ ಮಡಚುತ್ತದೆ ಬರೆದುಕೊಂಡೆ. ಚೆನ್ನಾಗಿ ಸುಧಾರಿಸುತ್ತಿದ್ದಳು. ಒಂದು ದಿನ ನರ್ಸ್ ಹುಡುಗಿಯ ಮೂಲಕ ಕೇಳಿದಳು: "ಇವಳು ನನ್ನನ್ನು ಡೋಕೋ ಹೊರುವ ಹಾಗೆ ಮಾಡುತ್ತಾಳೋ ಇಲ್ಲವೋ?"

ಡೋಕೋ ಎಂದರೆ ಬಿದಿರಿನ ಬುಟ್ಟಿ. ಬೆನ್ನ ಮೇಲೆ ಕೂರುತ್ತದೆ. ಅದರ ಭಾರ ಹೆಗಲಿಗೆ ಬೀಳದೆ ನಾಮ್ಲೋ ಎಂಬ ಪಟ್ಟಿಯಿಂದ ಹಣೆ, ನೆತ್ತಿಗೆ ಬರುತ್ತದೆ. ಸೌದೆ, ಹುಲ್ಲು, ಗೊಬ್ಬರ, ಆಲೂಗಡ್ಡೆ, ನಡೆಯಲಾಗದ ಮುದುಕರು ಕೂಡ, ಗುಡ್ಡದ ಬದುಕು ಅದರಲ್ಲೇ ಏರುತ್ತದೆ, ಇಳಿಯುತ್ತದೆ. ಈ ಹೊರುವ ಬಗೆಯನ್ನು ವಿಜ್ಞಾನಿಗಳು ಅಳೆದು ನೋಡಿದ್ದಾರೆ. ಬೆನ್ನಿಗೆ ಚೀಲ ಕಟ್ಟಿಕೊಂಡ ಪಾಶ್ಚಾತ್ಯರಿಗಿಂತ ನೇಪಾಳದ ಹೊರೆಯಾಳುಗಳು ಕಡಿಮೆ ಶಕ್ತಿ ಕಳೆದು ಹೆಚ್ಚು ಭಾರ ಸಾಗಿಸುತ್ತಾರೆ ಎಂದು 2005ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದಿದೆ. ಹಣೆಯಿಂದ ಹೊತ್ತಾಗ ಮೈ ಮುಂದಕ್ಕೆ ಬಾಗುತ್ತದೆ, ಕುತ್ತಿಗೆ ಗಟ್ಟಿಯಾಗಿ ನಿಲ್ಲಬೇಕು, ಇಳಿಜಾರಿನಲ್ಲಿ ಪಾದದ ಕೀಲು ಮಡಚುವ ರೀತಿಯೇ ಬೇರೆ. ನಾನು ಆಮಾಳ ಕಾಲನ್ನು ಅವಳ ಊರಲ್ಲಿ ಎಲ್ಲೂ ಇಲ್ಲದ ಸಪಾಟು ನೆಲಕ್ಕೆ ತಯಾರು ಮಾಡುತ್ತಿದ್ದೆ. ನನ್ನ ಕಡತದಲ್ಲಿ ಅವಳು ಗುಣವಾಗಿ ಮನೆಗೆ ಹೋಗುತ್ತಿದ್ದಳು. ಮನೆಯಲ್ಲಿ ಅವಳು ಯಾರೋ ಹೊತ್ತು ತಂದು ಹಾಕಬೇಕಾದವಳಾಗುತ್ತಿದ್ದಳು.

ಆ ರಾತ್ರಿ ನಾನು ಅತ್ತೆ. ಮಾರನೆಯ ದಿನ ಆ ಹಿರಿಯ ಫಿಸಿಯೋಥೆರಪಿಸ್ಟ್‌ಗೆ ಹೇಳಿದೆ, ಇನ್ನೂ ಮೂರು ದಿನ ಕುಳಿತು ನೋಡಬೇಕು ಎಂದು. ಅವಳು ನಗಲಿಲ್ಲ. ಹಿತ್ತಲಿಗೆ ಕರೆದೊಯ್ದು ಮಣ್ಣಿನ ದಿಬ್ಬ ತೋರಿಸಿದಳು. ಮಳೆ ಬಿಟ್ಟಾಗಲೆಲ್ಲ ಅದರ ಮೇಲೆ ಹತ್ತಿಸುವುದು, ಇಳಿಸುವುದು ಶುರುವಾಯಿತು. ಎಲುಬು ಪೂರ್ತಿ ಕೂಡಿಕೊಂಡಿದೆ ಎಂದು ಎಕ್ಸ್‌ರೇಯಲ್ಲಿ ಕಂಡ ಮೇಲೆ ಖಾಲಿ ಡೋಕೋ, ಆಮೇಲೆ ಒಂದು ಸೇರು ಅಕ್ಕಿ ಹಾಕಿದ ಡೋಕೋ. ಎಷ್ಟು ಹಾಕಬೇಕು, ಯಾವ ಹೆಜ್ಜೆಯಲ್ಲಿ ಪಟ್ಟಿ ಸರಿಸಬೇಕು ಎನ್ನುವುದನ್ನು ಆಮಾಳೇ ಹೇಳಿದಳು, ನಾನು ಕಾಲನ್ನು ನೋಡಿಕೊಂಡೆ.

ಈಗ ನನ್ನ ಮನಸ್ಸಿನ ಮಾತು ಹೇಳಿಬಿಡುತ್ತೇನೆ. ಹತ್ತು ಹದಿನೈದು ದಿನಕ್ಕೆಂದು ಪರದೇಶಕ್ಕೆ ಹೋಗಿ ಸೇವೆ ಮಾಡಿ ಬರುವ ಪ್ರವಾಸಗಳು ಈಗ ಹೆಚ್ಚಾಗುತ್ತಿವೆ. ಹೋಗುವವರ ಒಳ್ಳೆಯ ಮನಸ್ಸಿನ ಬಗ್ಗೆ ನನಗೆ ಅನುಮಾನ ಇಲ್ಲ. ಅವಸರದಲ್ಲಿ ಬೇಕಾಗುವ ಕೈಗಳೂ ಉಂಟು, ಶಸ್ತ್ರಚಿಕಿತ್ಸಕರು ಮೊದಲ ವಾರ ಬಾರದಿದ್ದರೆ ಆಮಾಳ ಕಾಲೇ ಉಳಿಯುತ್ತಿರಲಿಲ್ಲ. ಉಳಿದವರು ಹದಿನೈದು ದಿನಕ್ಕೆ ಹೋದರೆ ಡೋಕೋ ಎಂಬ ಮಾತು ಕಿವಿಗೆ ಬೀಳುವ ಮೊದಲೇ ವಾಪಸು ಬಂದಿರುತ್ತಾರೆ. ಅವರಿಗೆ ಊರು ತೋರಿಸಿ, ಅನುವಾದ ಮಾಡಿ, ಊಟ ಹಾಕಿ ಅಲ್ಲಿನವರು ಕಳೆದ ಹೊತ್ತು ರೋಗಿಗಳ ಪಾಲಿನ ಹೊತ್ತು. ಹೋಗುವ ಹುಡುಗ ಹುಡುಗಿಯರೇ, ಹೋಗಿ, ಖಂಡಿತ ಹೋಗಿ. ಕೆಲಸವಿಲ್ಲದೆ ಕೂರುವ ದಿನಗಳಿಗೂ ರಜೆ ಹಾಕಿಕೊಂಡು ಹೋಗಿ.

ಯೆನಾನ್‌ಗೆ ತಿರುಗಿ ಬರೋಣ. ಐವರು ಅಲ್ಲಿ ತಲುಪುವ ಮೊದಲೇ ಬಾಂಬು ಬಿದ್ದು ಊರು ಹಾಳಾಗಿತ್ತು. ಜನ ಹಳದಿ ಮಣ್ಣಿನ ಗುಡ್ಡಗಳಲ್ಲಿ ಗುಹೆ ಕೊರೆದು ಬದುಕುತ್ತಿದ್ದರು, ಆಸ್ಪತ್ರೆಯೂ ಗುಹೆಗಳಲ್ಲೇ ಇತ್ತು. ಕೋಟ್ನೀಸ್ ಚೀನೀ ಭಾಷೆ ಕಲಿಯಲು ಕುಳಿತರು. ಮಾತು ಮಾತ್ರ ಸಾಲದೆಂದು ಬರವಣಿಗೆಯನ್ನೂ ಕಲಿತರು. ತಂಡದ ಮೂವರು ಒಬ್ಬೊಬ್ಬರಾಗಿ ಭಾರತಕ್ಕೆ ಮರಳಿದರು. ಕೋಟ್ನೀಸ್, ಬಸು ಉಳಿದರು. 1940ರ ದೊಡ್ಡ ಕಾಳಗದಲ್ಲಿ ಕೋಟ್ನೀಸ್ ಮೂರು ಹಗಲು ಮೂರು ರಾತ್ರಿ ನಿದ್ದೆಯಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿದರು ಎನ್ನುವುದನ್ನು ಎಲ್ಲರೂ ಹೇಳುತ್ತಾರೆ. ನನ್ನನ್ನು ಅದಕ್ಕಿಂತ ಹೆಚ್ಚಾಗಿ ತಟ್ಟುವುದು ಅದರ ನಂತರದ ಸಂಗತಿ. 1941ರಲ್ಲಿ ಬೆಥ್ಯೂನ್ ಅಂತಾರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಮುಖ್ಯಸ್ಥರಾಗಿ ಅವರು ಚೀನೀ ಹುಡುಗರಿಗೆ ಚೀನೀ ಭಾಷೆಯಲ್ಲೇ ಪಾಠ ಹೇಳಿದರು, ಅವರಿಗಾಗಿ ಶಸ್ತ್ರಚಿಕಿತ್ಸೆಯ ಪಠ್ಯ ಬರೆಯಲು ಕುಳಿತರು. ಎರಡೂವರೆ ವರ್ಷದ ಹಿಂದೆ ಕ್ಯಾಂಟನ್ನಿನ ದಡದಲ್ಲಿ ಒಂದು ಬೋರ್ಡು ಓದಲಾರದೆ ನಿಂತಿದ್ದ ಮನುಷ್ಯ!

ನರ್ಸಿಂಗ್ ಕಲಿಸುತ್ತಿದ್ದ ಗುವೊ ಚಿಂಗ್‌ಲಾನ್ ಅವರನ್ನು ಮದುವೆಯಾದರು. 1942ರ ಆಗಸ್ಟ್‌ನಲ್ಲಿ ಮಗ ಹುಟ್ಟಿದ. ಸೇನಾನಿ ನೀ ರೊಂಗ್‌ಝೆನ್ ಸೂಚಿಸಿದ ಹೆಸರು ಯಿನ್‌ಹುವಾ. ಯಿನ್ ಎಂದರೆ ಭಾರತ. ಅಪ್ಪನಿಗೆ ಚೊಂಗ್‌ಚಿಂಗಿನಲ್ಲಿ ಸಿಕ್ಕಿದ ಅಕ್ಷರ ಮಗನ ಹೆಸರಿಗೂ ಬಂತು. ಅದೇ ವರ್ಷ ಡಿಸೆಂಬರ್ 9ರಂದು ಅಪಸ್ಮಾರದ ಸೆಳೆತಗಳಿಂದ ಕೋಟ್ನೀಸ್ ತೀರಿಕೊಂಡರು, 32 ವರ್ಷಕ್ಕೆ. ಅವರ ಸಮಾಧಿ ಈಗ ಷಿಜಿಯಾಝ್ವಾಂಗ್‌ನಲ್ಲಿದೆ. ಬಸು 1943ರಲ್ಲಿ ಕಲ್ಕತ್ತೆಗೆ ಮರಳಿದರು. 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ, ಈ ಬಾರಿ ವಿದ್ಯಾರ್ಥಿಯಾಗಿ, ಅಕ್ಯುಪಂಕ್ಚರ್ ಕಲಿತು ಬಂದು ಇಲ್ಲಿ ಅದನ್ನು ಬಳಕೆಗೆ ತಂದರು.

ನಾನು ಕಠ್ಮಂಡುವಿನಲ್ಲಿ ಇದ್ದದ್ದು ಮೂರೂವರೆ ತಿಂಗಳು ಮಾತ್ರ. ಕೊನೆಯ ದಿನಗಳು ಕಷ್ಟದವು. ಸೆಪ್ಟೆಂಬರ್ 20ರಂದು ಅವರ ಹೊಸ ಸಂವಿಧಾನ ಜಾರಿಯಾಯಿತು. ಅದಾದ ಕೆಲವೇ ದಿನಕ್ಕೆ ಭಾರತದ ಗಡಿಯಲ್ಲಿ ಲಾರಿಗಳು ನಿಂತುಬಿಟ್ಟವು. ಪೆಟ್ರೋಲ್ ಇಲ್ಲ, ಅಡುಗೆ ಅನಿಲ ಇಲ್ಲ, ಜನರ ಸಿಟ್ಟು ಭಾರತದ ಮೇಲೆ. ಜೂನ್‌ನಲ್ಲಿ ನನ್ನ ಊರು ಕೇಳಿ ಕೈಮುಗಿದಿದ್ದ ಯಜಮಾನಿ ಸೌದೆ ಒಲೆ ಹೊತ್ತಿಸುತ್ತಾ ಆ ವಾರ ನನ್ನ ಜೊತೆ ಮಾತಾಡಲಿಲ್ಲ. ಔಷಧದ ಅಂಗಡಿಯಲ್ಲಿ ಒಬ್ಬ ಹುಡುಗ ಎಲ್ಲಿಯವರು ಎಂದು ಕೇಳಿದ. ಬಂದ ಹೊಸತರಲ್ಲಿ ಥಟ್ಟನೆ ಹೇಳುತ್ತಿದ್ದ ಉತ್ತರ ಅವತ್ತು ಗಂಟಲಲ್ಲಿ ಒಂದು ಕ್ಷಣ ನಿಂತಿತು. ಆಮೇಲೆ ಹೇಳಿದೆ. ಅವನು ಔಷಧ ಕೊಟ್ಟ, ಚಿಲ್ಲರೆ ಎಣಿಸಿ ಕೊಟ್ಟ, ಮಾತಾಡಲಿಲ್ಲ. ಬಂದಿಳಿಯುವುದು ಒಂದು ಸಲಕ್ಕೆ ಮುಗಿಯುವುದಿಲ್ಲ ಎಂದು ಆಗ ಗೊತ್ತಾಯಿತು.

ಕೇಂದ್ರದ ವ್ಯಾನಿಗೆ ಎಣ್ಣೆ ಇರಲಿಲ್ಲ. ಬೆಳಿಗ್ಗೆ ಒಂದೂವರೆ ಗಂಟೆ ನಡೆದು ಹೋಗುತ್ತಿದ್ದೆ. ಆಮಾ ಅಷ್ಟರಲ್ಲಿ ಊರಿಗೆ ಹೋಗಿದ್ದಳು, ಅವಳ ಮಂಚದ ಮೇಲೆ ಹೊಸಬನೊಬ್ಬ ಇದ್ದ, ಹತ್ತೊಂಬತ್ತರ ಹುಡುಗ, ಎರಡೂ ಹಿಮ್ಮಡಿ ಮುರಿದವನು. ಅವನ ಊರಲ್ಲಿ ಮನೆಗೆ ಎಷ್ಟು ಮೆಟ್ಟಿಲು, ನೀರು ಎಲ್ಲಿಂದ ತರುತ್ತಾರೆ, ಹೊರೆ ಯಾವುದು ಎಂದು ಮೊದಲು ಕೇಳಿದೆ. ಅವನು ಹೇಳುತ್ತಾ ಹೋದ, ನಾನು ರಿಜಿಸ್ಟರ್ ತೆರೆದು ಬರೆಯುತ್ತಾ ಹೋದೆ. ತಾರೀಖಿನ ಅಂಕಣದಲ್ಲಿ 2072, ಅಸೋಜ್ 14 ಎಂದು ಬರೆದಾಗಿತ್ತು. ಗೋಡೆಯ ಕ್ಯಾಲೆಂಡರ್ ಕಡೆ ನಾನು ತಿರುಗಿರಲಿಲ್ಲ.